ಬಿಚ್ಚಿದವನೇ ಮುಚ್ಚಬೇಕು

ಬಿಳಿ ಹತ್ತಿಯ ಕೈಗವಸಿನ ಬಲ ಹೆಬ್ಬೆರಳಿನ ಜಾಗದಲ್ಲಿ ತೂತು ಬಿದ್ದಿರುವುದು ಎನ್ಸಿಯೊ ಲೆಹ್ತೊವಾರನಿಗೆ ಬಸ್ಸಿನಲ್ಲಿ ಕೂತ ಮೇಲೆ ಕಂಡಿತು. ಕಂಡಿತು ಎನ್ನುವುದೂ ಪೂರ್ತಿ ನಿಜವಲ್ಲ. ಹೋದ ತಿಂಗಳೇ ಕಂಡಿತ್ತು, ಹೊಲಿಯದೆ ಬಿಟ್ಟಿದ್ದ. ಇವತ್ತು ಬೆಳಿಗ್ಗೆಯಿಂದ ಅಡುಗೆಮನೆಯ ಕಿಟಕಿಯ ಮುಂದೆ ಕೂತು, ನವೆಂಬರ್ ತಿಂಗಳ ಬೆಳಕು ಬರಲೋ ಬೇಡವೋ ಎಂದು ಅಳೆದು ಸುರಿದು ಕೊನೆಗೆ ಅರ್ಧಂಬರ್ಧ ಬಂದದ್ದನ್ನು ನೋಡುತ್ತಿದ್ದವನಿಗೆ ಸೂಜಿ ದಾರ ಹಿಡಿಯಲು ಹೊತ್ತಿರಲಿಲ್ಲವೇ? ಇತ್ತು. ಆದರೆ ಇವತ್ತಿನ ದಿನಕ್ಕಾಗಿ ವಿಶೇಷವಾಗಿ ತಯಾರಾಗುವುದು ಎಂದರೆ ಇವತ್ತು ವಿಶೇಷ ಎಂದು ಒಪ್ಪಿಕೊಂಡ ಹಾಗೆ. ಅದನ್ನು ಒಪ್ಪಲು ಅವನ ಮನಸ್ಸು ಸಿದ್ಧವಿರಲಿಲ್ಲ. ಈಗ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಬೇರೆ ಬೆರಳುಗಳಿಂದ ಮುಚ್ಚಿಕೊಂಡ. ಎದುರು ಸೀಟಿನ ಹೆಂಗಸು ತನ್ನ ಮುಷ್ಟಿಯನ್ನೇ ನೋಡುತ್ತಿದ್ದಾಳೆ ಅನ್ನಿಸಿ ಕೈಗವಸನ್ನು ಕಳಚಿ ಜೇಬಿಗೆ ತುರುಕಿದ. ಬಸ್ಸು ಸ್ಮಶಾನದ ನಿಲ್ದಾಣಕ್ಕೆ ಬಂದಾಗ ಅವನ ಕತ್ತು ತಾನಾಗಿ, ಸ್ಮಶಾನ ಕಾಣದ ಹಾಗೆ, ರಸ್ತೆಯ ಆಚೆ ಬದಿಗೆ ತಿರುಗಿತು. ಅರವತ್ತು ದಾಟಿದ ಕತ್ತು. ತಿರುಗಿಸಲು ಕಲಿಸಿದ ಅಮ್ಮ ಸತ್ತು ಹೋಗಿ ಎಷ್ಟೋ ಕಾಲವಾಗಿದೆ. ಕತ್ತು ಮಾತ್ರ ಪಾಠ ಮರೆತಿಲ್ಲ.

ತಾಮ್ಮೆರ್‌ಫೋರ್ಸ್ ಎಂದು ಸ್ಟೆನ್‌ವಾಲ್ ಮನೆತನದವರು ಸ್ವೀಡಿಷ್‌ನಲ್ಲಿ ಕರೆಯುವ, ತಾಂಪೆರೆ ಎಂದು ಉಳಿದವರೆಲ್ಲ ಕರೆಯುವ ಊರಿನ ಹೊರಗೆ, ಸರೋವರದ ದಡದಲ್ಲಿ ಹಳೆಯ ಪಿಸ್ತೂಲುಗಳ ಸಂಗ್ರಾಹಕರ ಕೂಟದ ಮರದ ಮನೆ. ಒಂದು ಕಡೆ ಮೇಜಿನ ಕೋಣೆ, ಇನ್ನೊಂದು ಕಡೆ ಬಿಸಿ ಹಬೆಯ ಸ್ನಾನದ ಸೌನಾ, ನಡುವೆ ಬಟ್ಟೆ ಬಿಚ್ಚುವ ಚಿಕ್ಕ ಕೋಣೆ. ಸೌನಾಕ್ಕೆ ಆಗಲೇ ಬೆಂಕಿ ಹಾಕಿದ್ದರು. ಬರ್ಚ್ ಕಟ್ಟಿಗೆಯ ಹೊಗೆ ಬಾಗಿಲವರೆಗೂ ಬಂದು ಎದುರುಗೊಂಡಿತು. ಮೇಜಿನ ಸುತ್ತ ಉಣ್ಣೆಯ ಸ್ವೆಟರಿನ ಮುದುಕರು ಹತ್ತು ಹನ್ನೆರಡು ಮಂದಿ. ಹಸಿರು ಬಟ್ಟೆಯ ಮೇಲೆ ಏನೋ ಒಂದನ್ನು ಕರವಸ್ತ್ರದಿಂದ ಮುಚ್ಚಿಟ್ಟಿದ್ದರು.

"ಬಂದ್ರಪ್ಪ ನಮ್ಮ ಮೇಷ್ಟ್ರು" ಎಂದ ಓಸ್ಮೊ. ಅವನು ಹಲ್ಲಿನ ಡಾಕ್ಟರು. ಎಲ್ಲರ ಬಾಯಿಯೂ ತನಗೆ ಗೊತ್ತು ಎಂಬ ಧೈರ್ಯದಿಂದ ಮಾತಾಡುವವನು. "ಆಲ್ಫ್ ಬೆಳಿಗ್ಗೆಯಿಂದ ಕೂತಲ್ಲಿ ಕೂತಿಲ್ಲ ಕಣೋ. ಮದುವೆ ಗಂಡಿನ ತರ ಮೂರು ಸಲ ಟೈ ಬದಲಾಯಿಸಿದಾನೆ."

"ಸುಮ್ನಿರೋ" ಎಂದ ಆಲ್ಫ್ ಸ್ಟೆನ್‌ವಾಲ್. ಕೂಟದ ಅಧ್ಯಕ್ಷ, ಊರಿನ ಅರ್ಧ ಕಾರ್ಖಾನೆಗಳಿಗೆ ಒಂದು ಕಾಲದಲ್ಲಿ ಅವನ ಮನೆತನವೇ ಒಡೆಯ. "ಬಾ ಎನ್ಸಿಯೊ, ಕೂತ್ಕೊ. ಏಲಕ್ಕಿ ಬನ್ನು ಇನ್ನೂ ಬಿಸಿ ಇದೆ. ಬಸ್ಸಲ್ಲಿ ಯಾಕೆ ಬಂದೆ, ಹೇಳಿದ್ರೆ ಕಾರು ಕಳಿಸ್ತಿದ್ದೆ."

"ಪರವಾಗಿಲ್ಲ, ನೀವು ಯಾಕೆ ತೊಂದ್ರೆ ತಗೋತೀರಿ."

"ನೋಡಿ, ಮತ್ತೆ ನೀವು ಅಂತಾನೆ" ಎಂದು ಓಸ್ಮೊ ಎಲ್ಲರ ಕಡೆ ತಿರುಗಿದ. "ಇದೇ ಮೇಜಿನ ಮೇಲೆ ಗ್ಲಾಸು ತಾಗಿಸಿ ಏಕವಚನಕ್ಕೆ ಬಂದು ಎಷ್ಟು ವರ್ಷ ಆಯ್ತು? ಮೇಷ್ಟ್ರ ನಾಲಿಗೆ ಇನ್ನೂ ಕಾರ್ಖಾನೆ ಗೇಟಲ್ಲೇ ನಿಂತಿದೆ."

ಎಲ್ಲರೂ ನಕ್ಕರು. ಎನ್ಸಿಯೊ ಸಹ ನಕ್ಕ. ತನ್ನ ನಗು ಉಳಿದವರದಕ್ಕಿಂತ ಒಂದು ಗಳಿಗೆ ಹೆಚ್ಚು ಹೊತ್ತು ಬಾಳಿದ್ದು ಅವನಿಗೇ ಕೇಳಿಸಿತು. ಅವನು ಮೇಷ್ಟ್ರಾಗಿದ್ದದ್ದು ನಿಜ, ಕೈಗಾರಿಕಾ ಶಾಲೆಯಲ್ಲಿ ಹುಡುಗರಿಗೆ ಅರ ಹಿಡಿಯುವುದನ್ನು, ಲೋಹ ಕೊರೆಯುವುದನ್ನು ಕಲಿಸಿದವನು. ಆದರೆ ಇವರ ಬಾಯಲ್ಲಿ ಆ ಪದ ಬೆನ್ನು ತಟ್ಟುವ ಕೈಯ ಹಾಗೆ ಸ್ವಲ್ಪ ಜೋರಾಗಿಯೇ ಬೀಳುತ್ತಿತ್ತು.

ಗೋಡೆಯ ಮೇಲೆ ಮರದ ಹಲಗೆಯಲ್ಲಿ ಕೂಟದ ಎರಡು ಕಟ್ಟಳೆಗಳನ್ನು ಕೆತ್ತಿದ್ದರು. ಕಬ್ಬಿಣದ ಮಾತು ಮೊದಲು, ಕತೆ ಆಮೇಲೆ. ಬಿಚ್ಚಿದವನೇ ಮುಚ್ಚಬೇಕು. ಯುದ್ಧದಲ್ಲಿ ಶತ್ರುವಿನಿಂದ ಕಿತ್ತುಕೊಂಡ ಪಿಸ್ತೂಲು ಎಂದು ಯಾರು ಏನನ್ನು ತಂದರೂ ಮೊದಲು ಮಾತಿಲ್ಲದೆ ಮೇಜಿನ ಮೇಲಿಡಬೇಕು. ಪರೀಕ್ಷಕ ಅದನ್ನು ಒಳಗೆ ಒಯ್ದು ಕಾಫಿ ಕುದಿಯುವವರೆಗೆ ಒಬ್ಬನೇ ನೋಡುತ್ತಾನೆ, ಬಂದು ಒಂದೇ ಮಾತು ಹೇಳುತ್ತಾನೆ, ಅಸಲಿ ಅಥವಾ ಅಲ್ಲ. ಆಮೇಲೆಯೇ ಮಾಲಿನ ಧಣಿ ತನ್ನ ಕತೆಗೆ ಬಾಯಿ ತೆರೆಯಬೇಕು. ಕತೆ ಕೇಳಿ ನಕಲಿ ಮಾಲು ಕೊಂಡು ಮುಳುಗಿದವರನ್ನು ಕಂಡು ಹಿರಿಯರು ಮಾಡಿದ ನೇಮ. ಎರಡನೆಯದು, ಬಿಚ್ಚಿದ ಪಿಸ್ತೂಲನ್ನು ಬಿಚ್ಚಿದವನೇ ಮತ್ತೆ ಜೋಡಿಸಿಕೊಡಬೇಕು ಎಂದು. ಹದಿನೈದು ವರ್ಷಗಳಿಂದ ಆ ಪರೀಕ್ಷಕನ ಕುರ್ಚಿ ಎನ್ಸಿಯೊನದು. ಹದ್ದಿನ ಮುದ್ರೆಯನ್ನು ಮೊನ್ನೆ ಮೊನ್ನೆ ಒತ್ತಿಸಿಕೊಂಡು ಬಂದ ಜರ್ಮನ್ ಪಿಸ್ತೂಲುಗಳನ್ನು ಅವನು ಬೆರಳ ತುದಿಯಿಂದಲೇ ಹಿಡಿದಿದ್ದಾನೆ: ಹಳೆಯ ಮುದ್ರೆಯ ಅಂಚು ಸವೆದು ಮೆತ್ತಗಿರುತ್ತದೆ, ಹೊಸದು ಗವಸಿನ ನೂಲನ್ನು ಕಚ್ಚುತ್ತದೆ. ತಂದೆಯ ಪಿಸ್ತೂಲು ಎಂದು ತಂದ ಒಬ್ಬ ರೈತನಿಗೆ ಇದು ನಿನ್ನ ತಂದೆ ಸತ್ತ ಮೇಲೆ ತಯಾರಾದದ್ದು ಎಂದು ಹೇಳಿದಾಗ ಆ ಮನುಷ್ಯ ಅಂಗಳಕ್ಕೆ ಹೋಗಿ ಹಿಮದಲ್ಲಿ ನಿಂತು ಅತ್ತಿದ್ದ. ಎನ್ಸಿಯೊನಿಗೆ ಆಗ ಮರುಕಕ್ಕಿಂತ ಹೆಚ್ಚಾಗಿ ಹೆಮ್ಮೆಯೇ ಆಗಿತ್ತು. ಕಬ್ಬಿಣ ಸುಳ್ಳು ಹೇಳುವುದಿಲ್ಲ, ಅದರ ಪಕ್ಕ ನಿಂತವನು ಚಿಕ್ಕವನಾಗುವುದಿಲ್ಲ ಎಂದು.

ಆಲ್ಫ್ ಕರವಸ್ತ್ರ ಸರಿಸಿದ. ರಷ್ಯದ ನಾಗಾಂತ್ ರಿವಾಲ್ವರು. ಇದರ ಕತೆಯನ್ನು ಕಬ್ಬಿಣಕ್ಕಿಂತ ಮೊದಲು ಕೇಳದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ: ಸಾವಿರದ ಒಂಬೈನೂರ ನಲವತ್ತರಲ್ಲಿ, ರಷ್ಯದ ವಿರುದ್ಧದ ಚಳಿಗಾಲದ ಯುದ್ಧದಲ್ಲಿ, ಹೆಪ್ಪುಗಟ್ಟಿದ ಕೆರೆಯ ಮೇಲೆ, ಆಲ್ಫ್‌ನ ಅಪ್ಪ ಕರ್ನಲ್ ಸ್ಟೆನ್‌ವಾಲ್ ಒಬ್ಬ ರಷ್ಯನ್ ಅಧಿಕಾರಿಯನ್ನು ಕೈಯಾರೆ ಹಿಡಿದು ಕಸಿದುಕೊಂಡದ್ದು. ಶಾಲೆಯ ಭಾಷಣಗಳಲ್ಲಿ ಬರುತ್ತಿದ್ದ ಕತೆ. ಸೋಮವಾರ ಊರಿನ ವಸ್ತುಸಂಗ್ರಹಾಲಯಕ್ಕೆ ಅದನ್ನು ಒಪ್ಪಿಸುವುದಿತ್ತು. ಪಕ್ಕದಲ್ಲೇ ಹಿತ್ತಾಳೆಯ ಫಲಕ, ಆಗಲೇ ಕೆತ್ತಿಸಿ ಆಗಿದೆ. ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ: ಪರೀಕ್ಷಿಸಿ ದೃಢಪಡಿಸಿದವರು, ಎನ್ಸಿಯೊ ಲೆಹ್ತೊವಾರ. ತನ್ನ ಹೆಸರನ್ನು ಹಿತ್ತಾಳೆಯಲ್ಲಿ ಅವನು ಮೊದಲ ಸಲ ನೋಡಿದ್ದು. ಎದೆಯಲ್ಲಿ ಏನೋ ಒಂದು ನಾಯಿಮರಿಯ ಹಾಗೆ ಬಾಲ ಅಲ್ಲಾಡಿಸಿತು. ಅವನಿಗೆ ಅಸಹ್ಯವಾಯಿತು.

ಪಿಸ್ತೂಲನ್ನು ಒಯ್ದು, ಬಟ್ಟೆ ಬಿಚ್ಚುವ ಕೋಣೆಯ ಬೆಂಚಿನ ಮೇಲೆ ಗವಸು ಹಾಕಿಕೊಂಡು ದೀಪ ಹತ್ತಿರಕ್ಕೆ ಎಳೆದುಕೊಂಡು ಕೂತ. ಇಲ್ಲಿ, ಹೀಗೆ ಒಬ್ಬನೇ ಇರುವ ಹೊತ್ತು ಅವನ ಬದುಕಿನಲ್ಲಿ ಒಳ್ಳೆಯ ಹೊತ್ತು. ಚೌಕಟ್ಟಿನ ಮೇಲೆ ಚಕ್ರವರ್ತಿಯ ಕಾಲದ ತುಲಾ ಕಾರ್ಖಾನೆಯ ಗುರುತು, ಇಸವಿ ಸಾವಿರದ ಒಂಬೈನೂರ ಹದಿನಾಲ್ಕು. ಗುಂಡು ತುಂಬುವ ಉರುಳೆಯ ಅಂಕೆ, ನಳಿಗೆಯ ಅಂಕೆ ಎರಡೂ ಒಂದೇ. ಒಂದು ಸ್ಕ್ರೂ ಬದಲಾದರೂ ಅಸಲಿಯಲ್ಲ ಎನ್ನುವುದು ಕೂಟದ ಮಾತು, ಇಲ್ಲಿ ಒಂದು ಭಾಗವೂ ಬದಲಾಗಿಲ್ಲ. ಅಪ್ಪಟ ಮಾಲು. ಆದರೆ ಆಮೇಲಿನ ಸೋವಿಯತ್ ಕಾಲದಲ್ಲಿ ಹಳೆಯ ಪಿಸ್ತೂಲುಗಳಿಗೆ ಒತ್ತುತ್ತಿದ್ದ ಗುರುತು ಎಲ್ಲೂ ಇಲ್ಲ. ಇಲ್ಲದಿದ್ದರೇನು, ಎಷ್ಟೋ ತಪ್ಪಿಸಿಕೊಂಡಿವೆ ಎಂದು ತನಗೆ ತಾನೇ ಹೇಳಿಕೊಂಡ. ಹಿಡಿಯ ಹಿಂಬದಿಯ ಲೋಹವನ್ನು ದೀಪಕ್ಕೆ ಓರೆಯಾಗಿ ಹಿಡಿದ. ಅಲ್ಲಿ ಒಂದು ಕಡೆ ಹೊಳಪು ಬೇರೆ. ಅರ ಹಾಕಿ ಉಜ್ಜಿ ಮತ್ತೆ ಕಪ್ಪು ಮಾಡಿದ್ದಾರೆ. ಉಜ್ಜಿದವನಿಗೆ ಅರ ಹಿಡಿಯಲು ಬರುತ್ತಿರಲಿಲ್ಲ, ತನ್ನ ಮೊದಲ ವರ್ಷದ ಹುಡುಗರೂ ಇದಕ್ಕಿಂತ ಸಮನಾಗಿ ಉಜ್ಜುತ್ತಿದ್ದರು. ಒತ್ತಿದ ಅಕ್ಷರವನ್ನು ಮೇಲಿನಿಂದ ಉಜ್ಜಿದರೆ ಹೋಗುವುದಿಲ್ಲ, ಲೋಹಕ್ಕೆ ಅದು ಆಳದಲ್ಲಿ ನೆನಪಿರುತ್ತದೆ. ಭೂತಗನ್ನಡಿಯಲ್ಲಿ ನಿಧಾನವಾಗಿ ಎದ್ದು ಬಂತು, ಸಾವಿರದ ಒಂಬೈನೂರ ಹದಿನೆಂಟರ ಅಂತರ್ಯುದ್ಧದಲ್ಲಿ ಕೆಂಪು ಪಕ್ಷದ ಕೆಲಸಗಾರರನ್ನು ಸೋಲಿಸಿದ ಧಣಿಗಳ ಪಕ್ಷದ, ಬಿಳಿಯರ, ಊರಕಾವಲು ದಳದ ಮುದ್ರೆ, ಇಪ್ಪತ್ತರ ದಶಕದ್ದು. ಇಪ್ಪತ್ತರ ದಶಕದಲ್ಲಿ ಇದೇ ಊರಿನ ಕಾವಲು ದಳದ ಕಪಾಟಿನಲ್ಲಿದ್ದ ಪಿಸ್ತೂಲನ್ನು ನಲವತ್ತರಲ್ಲಿ ಯಾವ ರಷ್ಯನ್ನನಿಂದ ಕಸಿದುಕೊಳ್ಳಲು ಬರುತ್ತದೆ?

ಹೊರಗೆ ಓಸ್ಮೊ ಏನೋ ಹೇಳಿದ, ನಗು ಕೇಳಿತು. ಎನ್ಸಿಯೊ ಪಕ್ಕದ ತಗಡಿನ ಸ್ಕ್ರೂ ನೋಡಿದ. ಈ ಜಾತಿಯ ಪಿಸ್ತೂಲಿನ ಎಡ ಮೈಯೆಲ್ಲ ಒಂದು ಮುಚ್ಚಳ, ಅದನ್ನು ಹಿಡಿದಿರುವುದು ಒಂದೇ ಒಂದು ಸ್ಕ್ರೂ. ಬಿಚ್ಚಬೇಕಾದ ಅಗತ್ಯ ಇರಲಿಲ್ಲ. ಇಷ್ಟೇ ಸಾಕಿತ್ತು, ಅಥವಾ ಇಷ್ಟನ್ನೂ ನೋಡದೆ ಹೋಗಿದ್ದರೆ ಇನ್ನೂ ಒಳ್ಳೆಯದಿತ್ತು. ಆದರೂ ಅವನ ಕೈ ಸ್ಕ್ರೂಡ್ರೈವರ್ ಆರಿಸಿಕೊಂಡಿತು. ಸ್ಕ್ರೂ ತಿರುಗಿ ಬಂತು, ಅದನ್ನು ಎಡಗೈ ಗವಸಿನೊಳಗೆ ಅಂಗೈಗೆ ಇಳಿಬಿಟ್ಟುಕೊಂಡ, ಕಳೆಯದಿರಲೆಂದು ಯಾವಾಗಲೂ ಹಾಗೆಯೇ ಮಾಡುವುದು. ಮುಚ್ಚಳ ಎತ್ತಿದ. ಒಳಮೈಯಲ್ಲಿ, ಗಟ್ಟಿಯಾದ ಹಳೆಯ ಎಣ್ಣೆಯ ಕೆಳಗೆ, ಸೂಜಿಯಿಂದ ಗೀರಿದ ಅಕ್ಷರಗಳಿದ್ದವು. ಬಟ್ಟೆಯಿಂದ ಒರೆಸಿದ. ಅಮುರಿ. ಮಾರ್ಚ್ ೧೯೧೮. ಕೆಳಗೆ ಯಾರದೋ ಹೆಸರಿನ ಎರಡು ಮೊದಲಕ್ಷರ.

ಅಮುರಿ, ನಾಲ್ಕು ಸಂಸಾರಕ್ಕೆ ಒಂದು ಅಡುಗೆಮನೆಯ, ನಾಲ್ಕು ಒಲೆಯ ಬಾಯಿಯ ಕೆಲಸಗಾರರ ಕೇರಿ. ಅವನ ಅಜ್ಜ ಹೆರ್ಮನ್ನಿ ನೂಲಿನ ಗಿರಣಿಯಿಂದ ಹೊರಟು ಸೇರುತ್ತಿದ್ದದ್ದು ಅಲ್ಲಿಗೇ. ಆ ಮಾರ್ಚ್‌ನಲ್ಲಿ ಕೆಂಪು ಪಟ್ಟಿ ಕಟ್ಟಿಕೊಂಡು ಬೀದಿ ಕಾಯಲು ನಿಂತವನು ಏಪ್ರಿಲ್‌ನಲ್ಲಿ ಊರು ಬಿಳಿಯರ ಕೈಗೆ ಬಿದ್ದ ಮೇಲೆ ಗುಂಡು ತಿನ್ನಲು ಯಾವ ಗೋಡೆಯ ಮುಂದೆ ನಿಂತನೋ, ಯಾವ ಗುಂಡಿಯಲ್ಲಿ ಯಾರ ಮೇಲೆ ಬಿದ್ದನೋ. ನಾಲ್ಕು ವರ್ಷದ ಮಗಳಿಗೆ, ಎನ್ಸಿಯೊನ ಅಮ್ಮ ಲೆಂಪಿಗೆ, ಹೇಳಿದ್ದು ಜ್ವರ ಬಂದು ಹೋದ ಅಂತ. ಲೆಂಪಿ ತನ್ನ ಮಗನಿಗೆ ಅದನ್ನೇ ಕಲಿಸಿದಳು: ಯಾರಾದ್ರೂ ಕೇಳಿದ್ರೆ ಜ್ವರ ಅನ್ನು, ಕಣ್ಣು ಕೆಳಗೆ ಹಾಕಬೇಡ, ಕೆಳಗೆ ಹಾಕಿದ್ರೆ ಗೊತ್ತಾಗುತ್ತೆ. ಎನ್ಸಿಯೊನ ಅಪ್ಪನೋ, ಅದೇ ಚಳಿಗಾಲದ ಯುದ್ಧದಲ್ಲಿ ರಷ್ಯನ್ನರ ಗುಂಡು ತಾಗಿ ಸತ್ತು, ವೀರರ ಸಾಲಿನಲ್ಲಿ ಹೆಸರು ಕೆತ್ತಿದ ಕಲ್ಲಿನ ಕೆಳಗೆ ಮಲಗಿದವನು. ಒಂದೇ ಸ್ಮಶಾನದಲ್ಲಿ ಹೇಳಬಹುದಾದ ಸಾವು ಒಂದು, ಹೇಳಬಾರದ್ದು ಒಂದು. ಕ್ರಿಸ್ಮಸ್ ಮುನ್ನಾದಿನ ಊರಿಗೆ ಊರೇ ಗೋರಿಗಳ ಮೇಲೆ ಮೇಣದಬತ್ತಿ ಹಚ್ಚಲು ಹೋಗುವಾಗ ಅಮ್ಮ ಎರಡು ಬತ್ತಿ ಒಯ್ಯುತ್ತಿದ್ದಳು. ಒಂದನ್ನು ಗಂಡನ ಕಲ್ಲಿನ ಮುಂದೆ ಹಚ್ಚುವಳು. ಗುಂಡಿಗಳಿದ್ದ ಆಚೆ ಮೂಲೆಯ ಕಡೆ ಒಂದು ಸಲ ನೋಡುವಳು, ಜನ ಇದ್ದಾರೆ ಎನ್ನುವಳು, ಇನ್ನೊಂದನ್ನು ಹಚ್ಚದೆ ಮನೆಗೆ ತರುವಳು. ಅವಳು ಸತ್ತ ಮೇಲೆ ಅಡುಗೆಮನೆಯ ಖಾನೆ ಎಳೆದರೆ ಬತ್ತಿ ಸುಡದ ಮೇಣದಬತ್ತಿಗಳು, ಹಳದಿಗಟ್ಟಿ ಒಂದಕ್ಕೊಂದು ಅಂಟಿಕೊಂಡು, ಖಾನೆ ತುಂಬ. ಅವನು ಅವುಗಳನ್ನು ಕರಗಿಸಿ ಶಾಲೆಯ ಗರಗಸಗಳಿಗೆ ಸವರಲು ಬಳಸಿದ.

ಆ ಎರಡು ಅಕ್ಷರಗಳು ಹೆರ್ಮನ್ನಿಯ ಹೆಸರಿನವಲ್ಲ. ಬೇರೆ ಯಾರದೋ. ಅವನದೇ ಆಗಿರಲಿ ಎಂದು ತಾನು ಭೂತಗನ್ನಡಿಯನ್ನು ಮತ್ತೆ ಮತ್ತೆ ತಿರುಗಿಸಿದ್ದು, ಅಲ್ಲ ಎಂದು ತಿಳಿದಾಗ ಬೇಸರಪಟ್ಟದ್ದು, ಆ ಬೇಸರದ ಹಿಂದೆಯೇ ಹಾಗಾದರೆ ನನಗೇಕೆ ಎಂಬ ಹಗುರ ಬಂದದ್ದು, ಮೂರನ್ನೂ ಅವನು ಗಮನಿಸಿದ. ಆಗಲೇ ಗವಸಿನ ತೂತಿನಿಂದ ಹೊರಬಂದಿದ್ದ ಹೆಬ್ಬೆರಳು ಆ ಅಕ್ಷರಗಳ ಮೇಲೆ ಇತ್ತು. ಬರಿಯ ಲೋಹದ ಮೇಲೆ ಬರಿಯ ಬೆರಳು. ಬೆವರಿನ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ ಎಂದು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವವನು ಅವನೇ. ಗಾಬರಿಯಿಂದ ಎಣ್ಣೆಬಟ್ಟೆ ಎಳೆದುಕೊಂಡು ಅಕ್ಷರಗಳ ಮೇಲೆ ತೆಳ್ಳಗೆ ಸವರಿದ, ಒಂದೊಂದೇ ಗೀರಿಗೆ ಇಳಿಯುವ ಹಾಗೆ. ತನ್ನ ಕೈ ಇಷ್ಟು ಮೆದುವಾಗಿ ಯಾವ ಗೋರಿಯನ್ನೂ ಮುಟ್ಟಿರಲಿಲ್ಲ.

"ಮೇಷ್ಟ್ರೇ, ಕಾಫಿ ಕುದೀತು" ಎಂದು ಹೊರಗಿನಿಂದ ಯಾರೋ ಕೂಗಿದರು.

ಮುಚ್ಚಳ ಕೂರಿಸಬೇಕಿತ್ತು. ಕೂರಿಸಲಿಲ್ಲ. ಪಿಸ್ತೂಲನ್ನೂ ಮುಚ್ಚಳವನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಹಸಿರು ಬಟ್ಟೆಯ ಮೇಲಿಟ್ಟ. ಎಲ್ಲರೂ ಲೋಟ ಹಿಡಿದು ಕಾಯುತ್ತಿದ್ದರು. ಏನು ಹೇಳಬೇಕೆಂದು ಅವನಿಗೆ ಆಗಲೂ ಗೊತ್ತಿರಲಿಲ್ಲ. ಬಾಯಿ ತೆರೆದಾಗ ಬಂದದ್ದು ಅಭ್ಯಾಸದ ಮಾತು.

"ಅಸಲಿ."

ಉಸಿರು ಬಿಟ್ಟ ಸದ್ದಾಯಿತು, ಯಾರೋ ಬೆನ್ನು ತಟ್ಟಿದರು, ಓಸ್ಮೊ ಎಲ್ಲರ ಕಾಫಿಗೂ ಕೊನ್ಯಾಕ್ ಬ್ರಾಂದಿ ಬಗ್ಗಿಸಿದ. ಆಲ್ಫ್ ಎದ್ದು ನಿಂತ. ಗಂಟಲು ಸರಿಮಾಡಿಕೊಂಡು, "ನಲವತ್ತನೇ ಇಸವಿ ಫೆಬ್ರವರಿ. ಕೆರೆ ಮೇಲೆ ಮಂಜು ಮೊಣಕಾಲುದ್ದ. ಅಪ್ಪ..." ಎಂದು ಶುರುಮಾಡಿದ.

"ಕಬ್ಬಿಣ ಅಸಲಿ" ಎಂದ ಎನ್ಸಿಯೊ. "ಕತೆ ಅಲ್ಲ."

ತನ್ನ ದನಿ ಯಾರೋ ಬೇರೆಯವರದ್ದೆಂಬಂತೆ ಕೇಳಿತು. ಬಟ್ಟೆ ಬಿಡಿಸಿ ಮುಚ್ಚಳವನ್ನು ಮಗುಚಿ ಇಟ್ಟ. ಒಬ್ಬೊಬ್ಬರೇ ಬಗ್ಗಿ ನೋಡಿದರು. ಯಾರೂ ಬೆಚ್ಚಿಬೀಳಲಿಲ್ಲ. ಅದೇ ಅವನಿಗೆ ಮೊದಲು ವಿಚಿತ್ರವೆನಿಸಿದ್ದು.

"ಅಮುರಿ" ಎಂದು ಓದಿದ ಓಸ್ಮೊ. "ಸರಿ ಬಿಡು. ಯಾವನೋ ಕೆಂಪಿನವನು ರಷ್ಯಕ್ಕೆ ಓಡಿಹೋಗಿರ್ತಾನೆ, ನಲವತ್ತರಲ್ಲಿ ಇದನ್ನೇ ಸೊಂಟಕ್ಕೆ ಸಿಕ್ಕಿಸ್ಕೊಂಡು ಸ್ವಂತ ದೇಶದ ಮೇಲೆ ಬಂದಿರ್ತಾನೆ. ಕರ್ನಲ್ ಕೈಗೆ ಸಿಕ್ಕಿಬಿದ್ದ. ಕತೆ ಇನ್ನೂ ಮಜವಾಯ್ತಲ್ಲೋ."

ಇಬ್ಬರು ತಲೆಯಾಡಿಸಿದರು. ಹೆಸರಿಲ್ಲದ ಆ ಎರಡಕ್ಷರದ ಮನುಷ್ಯ ಗೋಡೆಯ ಮುಂದಿನಿಂದ ಎದ್ದು, ಗಡಿ ದಾಟಿ, ದ್ರೋಹಿಯಾಗಿ ತಿರುಗಿ ಬಂದು, ಮತ್ತೊಮ್ಮೆ ಗುಂಡು ತಿನ್ನಲು ಸಾಲಿನಲ್ಲಿ ನಿಂತದ್ದನ್ನು ಎನ್ಸಿಯೊ ನೋಡಿದ. ಎಷ್ಟು ಸಲೀಸು.

"ಹಿಡಿಯ ಹಿಂಬದಿ ನೋಡಿ" ಎಂದ. "ಕಾವಲು ದಳದ ಮುದ್ರೆ ಇದೆ. ಓಡಿಹೋದವನ ಪಿಸ್ತೂಲು ಇಲ್ಲಿನ ಕಪಾಟಲ್ಲಿ ಏನು ಮಾಡ್ತಿತ್ತು? ಮುದ್ರೆನ ಅರ ಹಾಕಿ ಉಜ್ಜಿದ್ದು ಯಾರು, ಯಾಕೆ?"

"ಅಪ್ಪ" ಎಂದ ಆಲ್ಫ್. ಕುರ್ಚಿಯಲ್ಲಿ ಕೂತು ಬನ್ನು ಮುರಿದ. ಅವನ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. "ಅಪ್ಪನೇ ಉಜ್ಜಿದ್ದು. ಹದಿನೆಂಟರಲ್ಲಿ ಸಿಕ್ಕಿದ ಮಾಲು, ಅಮುರಿಲೇ. ನಮ್ಮನೇಲಿ ಗೊತ್ತಿಲ್ದೋರು ಯಾರಿದಾರೆ? ರಷ್ಯದ ಯುದ್ಧ ಆದ್ಮೇಲೆ ಕಾಲ ಬದಲಾಯ್ತು. ಊರಿನವರ ಕೈಯಿಂದ ಕಿತ್ಕೊಂಡಿದ್ದು ಅಂತ ಗಾಜಿನ ಪೆಟ್ಟಿಗೇಲಿ ಇಡಕ್ಕಾಗುತ್ತಾ ಎನ್ಸಿಯೊ? ಮಕ್ಕಳು ಬಂದು ನೋಡೋ ಜಾಗ. ರಷ್ಯನ್ನನದು ಅಂದ್ರೆ ಎಲ್ಲರಿಗೂ ಸೇರುತ್ತೆ. ನಿನ್ನ ಅಪ್ಪನಿಗೂ ಸೇರುತ್ತೆ."

"ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈಗೆ ಕೊಟ್ರಿ."

"ಗೊತ್ತಿದ್ದಕ್ಕೇ ಕೊಟ್ಟಿದ್ದು." ಆಲ್ಫ್ ಬೆರಳಿಗಂಟಿದ ಸಕ್ಕರೆ ಒರೆಸಿಕೊಂಡ. "ಬಿಳಿಯರ ಮೊಮ್ಮಗ ಯಾವನಾದ್ರೂ ಅಸಲಿ ಅಂದ್ರೆ ಪೇಪರಿನವರು ಕೆದಕ್ತಾರೆ. ಹೆರ್ಮನ್ನಿಯ ಮೊಮ್ಮಗ ಅಂದ್ರೆ ಯಾರು ಕೇಳ್ತಾರೆ?"

ಆ ಹೆಸರು ಆ ಕೋಣೆಯಲ್ಲಿ, ಆ ಬಾಯಲ್ಲಿ. ಎನ್ಸಿಯೊ ಕಣ್ಣು ಕೆಳಗೆ ಹಾಕಿದ. ಹಾಕಬೇಡ ಎಂದಿದ್ದಳು ಅಮ್ಮ.

"ಅಯ್ಯೋ, ಹಂಗೆ ನೋಡ್ಬೇಡವೋ" ಎಂದ ಓಸ್ಮೊ, ಹಲ್ಲು ಕೀಳುವ ಮುಂಚೆ ರೋಗಿಗಳಿಗೆ ಹೇಳುವಂಥ ದನಿಯಲ್ಲಿ. "ಈ ಊರಲ್ಲಿ ಯಾರ ಅಜ್ಜ ಯಾವ ಗುಂಡೀಲಿದಾನೆ ಅಂತ ಗೊತ್ತಿಲ್ದೋರು ಯಾರೋ? ನೀನು ಜ್ವರ ಅಂದಾಗೆಲ್ಲ ನಾವು ಹೂಂ ಅಂದ್ವಿ. ಮರ್ಯಾದೆಗೆ. ಪರೀಕ್ಷಕನ ಕುರ್ಚಿಗೆ ನಿನ್ನ ಹೆಸರು ಬಂದಾಗ ಆಲ್ಫೇ ಹೇಳಿದ್ದು, ಕೆಂಪಿನವರ ಪೈಕಿ ಒಬ್ಬ ಇರ್ಲಿ, ಕೂಟಕ್ಕೆ ಒಳ್ಳೇದು ಅಂತ. ಒಳ್ಳೇದೇ ಆಯ್ತಲ್ಲ."

ಹದಿನೈದು ವರ್ಷ. ಬೆರಳ ತುದಿಯ ಸೂಕ್ಷ್ಮ, ಮುದ್ರೆಯ ಅಂಚು, ಹಿಮದಲ್ಲಿ ಅತ್ತ ರೈತ. ಕುರ್ಚಿ ತನ್ನ ಕಣ್ಣಿನ ಚುರುಕಿಗೆ ಸಿಕ್ಕಿದ್ದೆಂದು ತಿಳಿದಿದ್ದ. ಸಿಕ್ಕಿದ್ದು ಗುಂಡಿಯೊಳಗಿನ ಅಜ್ಜನ ದೆಸೆಯಿಂದ. ತಾನು ಮುಚ್ಚಿಟ್ಟದ್ದೇ ತನ್ನ ಯೋಗ್ಯತೆಯಾಗಿತ್ತು. ಇವರು ತನ್ನನ್ನೂ ಕಪಾಟಿನಲ್ಲಿಟ್ಟುಕೊಂಡಿದ್ದರು, ಎಣ್ಣೆ ಹಚ್ಚಿ, ಅಂಕೆ ಸರಿಯಿರುವ, ಒಂದು ಭಾಗವೂ ಬದಲಾಗದ ಮಾಲನ್ನು. ಅಮುರಿಯಿಂದ ಹಿಡಿದು ತಂದದ್ದು. ಹಿಡಿದವರು ಹಿಡಿದದ್ದನ್ನು ಪ್ರೀತಿಯಿಂದಲೇ ನೋಡಿಕೊಳ್ಳುತ್ತಾರೆ.

"ಆಯ್ತು, ಮುಚ್ಚು ಮೇಷ್ಟ್ರೇ" ಎಂದ ಆಲ್ಫ್, ಗೋಡೆಯ ಹಲಗೆಯ ಕಡೆ ಗಲ್ಲ ಎತ್ತಿ. "ಬಿಚ್ಚಿದವನೇ ಮುಚ್ಚಬೇಕು. ಸೌನಾ ಕಾದಿದೆ. ಒಳಗೆ ಎಲ್ಲರಿಗಿಂತ ಮೇಲಿನ ಬೆಂಚಲ್ಲಿ ಇವತ್ತು ನಿನಗೇ ಜಾಗ."

ಎನ್ಸಿಯೊ ಎದ್ದ. ಎಡಗೈ ಗವಸಿನೊಳಗೆ ಸ್ಕ್ರೂ ಅಂಗೈಗೆ ಒತ್ತುತ್ತಿತ್ತು. ದೊಡ್ಡ ಮಾತು ಏನಾದರೂ ಬರುತ್ತದೆಯೋ ಎಂದು ಒಂದು ಗಳಿಗೆ ಕಾದ. ಗೋಡೆಯ ಮುಂದೆ ನಿಂತವರೆಲ್ಲರ ಪರವಾಗಿ, ಹಚ್ಚದ ಬತ್ತಿಗಳ ಪರವಾಗಿ. ಬರಲಿಲ್ಲ.

"ನೀನೇ ಮುಚ್ಚು" ಎಂದ.

ಏಕವಚನ ಬಂದದ್ದನ್ನು ಕೇಳಿ ಓಸ್ಮೊ ನಗಲು ಬಾಯಿ ತೆರೆದು, ನಗದೆ ಮುಚ್ಚಿದ. ಎನ್ಸಿಯೊ ಕೋಟು ತೆಗೆದುಕೊಂಡು ಅಂಗಳಕ್ಕೆ ಇಳಿದ. ಆಗಲೇ ಕತ್ತಲೆ ಕವಿಯುತ್ತಿತ್ತು, ಸರೋವರ ಸೀಸದ ತಗಡಿನ ಹಾಗೆ ಬಿದ್ದಿತ್ತು. ಹಿಂದೆ ಬಾಗಿಲು ತೆರೆದ ಸದ್ದು.

"ಎನ್ಸಿಯೊ, ಸ್ಕ್ರೂ ಎಲ್ಲೋ?" ಓಸ್ಮೊನ ದನಿ. "ಮೇಜಿನ ಮೇಲಿಲ್ಲ."

"ನನ್ನ ಹತ್ರ ಇದೆ."

"ಮಕ್ಕಳಾಟ ಆಡ್ಬೇಡ. ಕೊಟ್ಟು ಹೋಗು."

"ಹಿಡಿದ ಮಾಲು ವಾಪಸ್ ಕೊಡೋದು ಈ ಕೂಟದಲ್ಲಿ ಯಾವತ್ತು ಶುರುವಾಯ್ತು?"

ಓಸ್ಮೊ ಒಂದು ಮೆಟ್ಟಿಲು ಹಿಂದಕ್ಕೆ ಏರಿದ. "ನನ್ನ ಡಬ್ಬೀಲಿ ನಾಗಾಂತ್ ಸ್ಕ್ರೂ ಬೇಕಾದಷ್ಟಿದೆ ಕಣೋ" ಎಂದು ಹೇಳಿ, ಬೆಚ್ಚಗಿದ್ದ ಒಳಕ್ಕೆ ಹೋಗಿ ಬಾಗಿಲು ಹಾಕಿಕೊಂಡ.

ಬಸ್ಸಿನಲ್ಲಿ ಅವನೊಬ್ಬನೇ. ಎಡಗೈ ಗವಸನ್ನು ಮಗುಚಿದಾಗ ಸ್ಕ್ರೂ ಅಂಗೈಗೆ ಬಿತ್ತು. ಚರ್ಮದ ಮೇಲೆ ಅದರ ತಲೆಯ ಗುಂಡಗಿನ ಅಚ್ಚು ಮೂಡಿತ್ತು. ಗೋಧಿ ಕಾಳಿಗಿಂತ ಚೂರು ದೊಡ್ಡದು. ಗುಂಡಿ ತುಂಬ ಮಲಗಿದ ಜನಕ್ಕೆ ಬದಲಾಗಿ ತಾನು ಯುದ್ಧದಿಂದ ತಂದದ್ದು ಇಷ್ಟೇ ಎಂದುಕೊಂಡಾಗ ನಾಚಿಕೆಯಾಯಿತು. ಆ ನಾಚಿಕೆಯನ್ನು ಒರೆಸಿಕೊಳ್ಳದೆ ಹಾಗೆಯೇ ಇರಗೊಟ್ಟ. ಬರಿಯ ಹೆಬ್ಬೆರಳಿನಿಂದ ಸ್ಕ್ರೂವನ್ನು ಒತ್ತಿ ಹಿಡಿದುಕೊಂಡ, ಬೆವರು ತಾಗಲಿ ಎಂದು. ಸ್ಮಶಾನದ ನಿಲ್ದಾಣ ಬಂತು. ಕತ್ತು ಆಚೆಗೆ ತಿರುಗಲು ಹೊರಟಿತು, ಅವನು ತಿರುಗಗೊಡಲಿಲ್ಲ. ನೋಡಲು ಏನೂ ಇರಲಿಲ್ಲ: ಗಾಜಿನಲ್ಲಿ ತನ್ನದೇ ಮುಖ, ಅದರ ಹಿಂದೆ ಪೈನ್ ಮರಗಳ ಕಪ್ಪು. ಬಸ್ಸು ನಿಂತಿತು, ಬಾಗಿಲು ತೆರೆಯಿತು, ಚಳಿ ಒಳಗೆ ಬಂತು. ಯಾರೂ ಇಳಿಯಲಿಲ್ಲ, ಅವನೂ. ಕೈಯಲ್ಲಿ ಹಚ್ಚಲು ಬತ್ತಿಯೂ ಇರಲಿಲ್ಲ.

ಸೋಮವಾರದ ಹೊತ್ತಿಗೆ ಅವರು ಬೇರೆ ಸ್ಕ್ರೂ ಹಾಕಿ ಬಿಗಿದಿರುತ್ತಾರೆ, ಅಮುರಿ ಮತ್ತೆ ಒಳಗೆ ಹೋಗಿರುತ್ತದೆ. ಒಂದು ಸ್ಕ್ರೂ ಬದಲಾದರೂ ಮಾಲು ಅಸಲಿಯಲ್ಲ, ಅದು ಅವರದೇ ಕೂಟದ ಮಾತು. ಗಾಜಿನ ಪೆಟ್ಟಿಗೆಯಲ್ಲಿ, ಹಿತ್ತಾಳೆಯ ಫಲಕದ ಮೇಲೆ, ಅಸಲಿ ಎಂದು ಅವನ ಹೆಸರು ಹೊಳೆಯುತ್ತಲೇ ಇರುತ್ತದೆ. ಅಲ್ಲ ಎಂದು ಹೇಳಬಲ್ಲವನು ಆ ಊರಲ್ಲಿ ಒಬ್ಬನೇ ಇದ್ದ. ಅವನ ಕುರ್ಚಿ ಇವತ್ತು ಖಾಲಿಯಾಗಿತ್ತು.